ಎಷ್ಟು ಅಂತ ಕೇಳಬಹುದು, ಯಾವುದು ಅಂತ ಕೇಳಬಾರದು

ಮುಚ್ಚಿಟ್ಟುಕೊಂಡು ಆಡುವ ಆಟ ಇರುವ ಕಡೆ ಏನಾದರೊಂದು ಬಯಲಾಗುತ್ತಲೇ ಇರುತ್ತದೆ. ನಮ್ಮ ಅಂಗಡಿಯ ಮಹಡಿ ಮೇಲಂತೂ ಭಾನುವಾರ ಬಂತೆಂದರೆ ಸಾಕು.

ಬಸವೇಶ್ವರನಗರದಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ಪೆನ್ನು, ಜಾಮಿಟ್ರಿ ಬಾಕ್ಸು, ಬರ್ತ್‌ಡೇ ಟೋಪಿ, ಜೊತೆಗೆ ಕಾರ್ಡಿನ ಪ್ಯಾಕೆಟ್ಟುಗಳು. ಇಸ್ಪೀಟಲ್ಲ. ಡ್ರ್ಯಾಗನ್ನು, ಮಂತ್ರವಾದಿ, ರೆಕ್ಕೆ ಇರುವ ಹುಲಿ, ಇಂಥ ಚಿತ್ರಗಳಿರುವ ಕಾರ್ಡು. ಒಬ್ಬೊಬ್ಬರೂ ಪ್ಯಾಕೆಟ್ ಕೊಂಡು, ಬೇಡದ್ದನ್ನು ಇನ್ನೊಬ್ಬರಿಗೆ ಕೊಟ್ಟು, ಬೇಕಾದ್ದನ್ನು ಇಸಿದುಕೊಂಡು, ತಮ್ಮದೇ ಒಂದು ಕಟ್ಟು ಮಾಡಿಕೊಂಡು, ಎದುರಿನವರ ಕಟ್ಟಿನ ಮೇಲೆ ಯುದ್ಧಕ್ಕೆ ಬರುತ್ತಾರೆ. ಮೊದಮೊದಲು ಅಂಗಡಿ ಮೆಟ್ಟಿಲ ಮೇಲೇ ಕೂತು ಆಡುತ್ತಿದ್ದರು. ಪೆನ್ನು ಕೊಳ್ಳಲು ಬಂದವರು ಡ್ರ್ಯಾಗನ್ ದಾಟಿಕೊಂಡು ಒಳಗೆ ಬರಬೇಕಾಗಿತ್ತು. ಕೊನೆಗೆ ಮಹಡಿಯ ಗೋಡೌನ್ ಖಾಲಿ ಮಾಡಿ ಟೇಬಲ್ ಹಾಕಿಸಿದೆ. ನಿಯಮದ ಪುಸ್ತಕವನ್ನು ಪೂರ್ತಿ ಓದಿದವನು ನಾನೊಬ್ಬನೇ ಆದ್ದರಿಂದ ಜಡ್ಜ್ ಕೆಲಸವೂ ನನಗೇ ಬಂತು.

ಜಗಳವೆಲ್ಲ ಬರೋದು ಗುಟ್ಟಿನ ನಿಯಮಗಳ ವಿಷಯದಲ್ಲೇ. ಕೈಯಲ್ಲಿರುವ ಕಾರ್ಡು ಗುಟ್ಟು. ಕಟ್ಟಿನೊಳಗೆ ಇರೋದೂ ಗುಟ್ಟು. ಆದರೆ ಕೈಯಲ್ಲಿ ಎಷ್ಟು ಕಾರ್ಡಿದೆ ಅನ್ನೋದು ಗುಟ್ಟಲ್ಲ, ಎದುರಿನವರು ಕೇಳಿದರೆ ನಿಜ ಹೇಳಬೇಕು. ಆಡಿ ಮುಗಿದ ಕಾರ್ಡುಗಳನ್ನು ಪಕ್ಕದಲ್ಲಿ ಗುಡ್ಡೆ ಹಾಕುತ್ತಾರಲ್ಲ, ಅದೂ ಗುಟ್ಟಲ್ಲ. ಯಾರಿಗೆಷ್ಟು ಅಂಕ ಬಂದಿದೆ ಅನ್ನೋದೂ ಅಲ್ಲ. ಆದರೆ ಕೈಯಲ್ಲಿ ಯಾವ ಕಾರ್ಡಿದೆ ಅಂತ ಕೇಳಿದರೆ ಸುಮ್ಮನಿರಬಹುದು, ಬೇಕಾದರೆ ಸುಳ್ಳೂ ಹೇಳಬಹುದು.

ಇದನ್ನೆಲ್ಲ ಒಂದು ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿಗೆ ವಿವರಿಸಿದೆ. ಅವಳು ಮಜ್ಜಿಗೆ ಬಡಿಸುತ್ತಾ, "ಇದಕ್ಕೆ ಪುಸ್ತಕ ಬೇರೆ ಬೇಕಾ? ಸಂಸಾರಸ್ಥರೆಲ್ಲ ಹೀಗೇ ತಾನೇ ಇರೋದು" ಅಂದಳು.

ತಾತನ ಕನ್ನಡಕ

ಸುಂಕದಕಟ್ಟೆಯಿಂದ ಒಬ್ಬರು ತಾತ ನಾಲ್ಕನೇ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಬರುತ್ತಾರೆ. ಅವಳ ಗೆಳತಿಯರಿಗೆಲ್ಲ ಭಾನುವಾರ ಡ್ಯಾನ್ಸ್ ಕ್ಲಾಸು. ಜೊತೆಗೆ ಆಡೋರಿಲ್ಲ ಅಂತ ಅವಳು ಮುಖ ಸಣ್ಣ ಮಾಡಿಕೊಂಡಿದ್ದು ನೋಡಿ ತಾತನೇ ಆಟ ಕಲಿತರು. ಕಾರ್ಡಿನ ಇಂಗ್ಲಿಷ್ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ಎಲ್ಲಕ್ಕೂ ತಾವೇ ಹೆಸರಿಟ್ಟುಕೊಂಡಿದ್ದರು. ಬೆಂಕಿ ಉಗುಳುವ ಡ್ರ್ಯಾಗನ್ನಿಗೆ ಅವರು ಕರೆಯುತ್ತಿದ್ದುದು ಬಾಯ್ಲರ್ ಅಂತ.

ಒಂದು ಭಾನುವಾರ ಆ ಹುಡುಗಿ ಕೈ ಎತ್ತಿ ನನ್ನನ್ನು ಕರೆದಳು. ಹೋಗಿ ನೋಡಿದರೆ ಅಳುವ ಹಾಗಿದ್ದಾಳೆ.

"ಅಂಕಲ್, ಎದುರಿಗಿರೋರ ಕಾರ್ಡು ನಾವಾಗಿ ನೋಡಿಲ್ಲ. ಅದಾಗಿ ಅದೇ ಕಾಣ್ಸಿದ್ರೆ ಅದು ಮೋಸನಾ?"

"ಎಲ್ಲಿ ಕಾಣ್ಸುತ್ತೆ ಪುಟ್ಟಾ?"

"ತಾತನ ಕನ್ನಡಕದಲ್ಲಿ."

ಅವಳ ಜಾಗದಲ್ಲಿ ಕೂತು ನೋಡಿದೆ. ಕಿಟಕಿಯ ಬಿಸಿಲು ನೇರ ತಾತನ ಕಾರ್ಡುಗಳ ಮೇಲೆ ಬೀಳುತ್ತಿತ್ತು. ಅವರ ದಪ್ಪ ಗಾಜಿನಲ್ಲಿ ಎಡಗಣ್ಣಿಗೊಂದು ಬಾಯ್ಲರು, ಬಲಗಣ್ಣಿಗೊಂದು ಬಾಯ್ಲರು.

"ನೋಡ್ಕೊಳ್ಲಿ ಬಿಡಿ ಸಾರ್, ಮಗು" ಅಂದರು ತಾತ. "ನನಗೇನೂ ಬೇಜಾರಿಲ್ಲ."

"ನೋಡ್ಕೊಂಡು ಗೆದ್ರೆ ಅದು ಗೆದ್ದಂಗಾ ತಾತ?" ಅಂದಳು ಮೊಮ್ಮಗಳು.

ಬೇರೆ ಟೇಬಲ್ಲುಗಳೆಲ್ಲ ತುಂಬಿದ್ದವು. ಜಾಗ ಬದಲಾಯಿಸೋಣ ಅಂದರೆ ಕಟ್ಟಿದ ಯುದ್ಧಭೂಮಿಯನ್ನು ಪೂರ್ತಿ ಎತ್ತಿಡಬೇಕು. ಕನ್ನಡಕ ತೆಗೆದು ಆಡಿ ಅಂತ ತೀರ್ಪು ಕೊಟ್ಟೆ. ತಾತ ವಿಧೇಯರಾಗಿ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಒಂದು ಕಾರ್ಡನ್ನು ಮೂಗಿನ ಹತ್ತಿರ ತಂದರು, ತೋಳುದ್ದ ದೂರ ಹಿಡಿದರು, ಕೊನೆಗೆ ನನ್ನನ್ನೇ ಕೇಳಿದರು, "ಇದು ಹುಲಿನಾ ಸಾರ್, ಹಲಸಿನಹಣ್ಣಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಎದ್ದು ಸುತ್ತಿಬಂದು ತಾತನ ಪಕ್ಕ ಕೂತಳು. ಒಂದೊಂದೇ ಕಾರ್ಡು ನೋಡಿ, ಬೇರೆ ಯಾರಿಗೂ ಕೇಳಬಾರದು ಅಂತ ಕೈ ಅಡ್ಡ ಹಿಡಿದು, ಅವರ ಕಿವಿಯಲ್ಲಿ ಪಿಸುಗುಟ್ಟಿದಳು. "ಇದು ಹುಲಿ. ಇದು ಬಾಯ್ಲರ್ರು. ಇದು ಮಂತ್ರವಾದಿ, ಇದನ್ನ ಕೊನೇವರೆಗೂ ಇಟ್ಕೊಳ್ಳಿ. ಯಾರಿಗೂ ಹೇಳ್ಬೇಡಿ ತಾತ."

ತಾತ ಗಂಭೀರವಾಗಿ ತಲೆಯಾಡಿಸಿ ಕಾರ್ಡುಗಳನ್ನು ಎದೆಗೆ ಒತ್ತಿಕೊಂಡರು.

"ನಿಂಗೂ ಹೇಳಲ್ಲ ಕಣೇ" ಅಂದರು.

ಮುಖಕ್ಕೆ ನಿಯಮ ಇಲ್ಲ

ವಿಜಯನಗರದ ಒಬ್ಬರು ಗೃಹಿಣಿ ಮಗನನ್ನು ಆಟಕ್ಕೆ ಬಿಡಲು ಬರುತ್ತಿದ್ದರು. ಆ ಹುಡುಗ ಸ್ವಲ್ಪ ದಿನಕ್ಕೆ ಕ್ರಿಕೆಟ್ ಕಡೆ ಹೋದ. ಅಮ್ಮ ಇಲ್ಲೇ ಉಳಿದರು.

ಆಟ ಚೆನ್ನಾಗಿಯೇ ಕಲಿತರು. ಆದರೆ ಅವರ ಮುಖ ತೊಳೆದಿಟ್ಟ ಗಾಜಿನ ಲೋಟ, ಒಳಗಿರೋದೆಲ್ಲ ಹೊರಗೆ ಕಾಣೋದು. ಕೆಟ್ಟ ಕಾರ್ಡು ಬಂದರೆ "ಅಯ್ಯೋ ಶಿವನೇ" ಅನ್ನೋರು. ಒಳ್ಳೆಯದು ಬಂದರೆ ಏನೂ ಅನ್ನುತ್ತಿರಲಿಲ್ಲ, ದುಪಟ್ಟಾ ಸರಿಮಾಡಿಕೊಂಡು ನೆಟ್ಟಗೆ ಕೂರೋರು. ಎದುರಿನವರಿಗೆ ಅಷ್ಟು ಸಾಕಾಗುತ್ತಿತ್ತು.

"ಸಾರ್, ನಾನು ಯಾರಿಗೂ ಒಂದು ಕಾರ್ಡೂ ತೋರಿಸಲ್ಲ. ಆದ್ರೂ ಎಲ್ರಿಗೂ ಹೇಗೆ ಗೊತ್ತಾಗುತ್ತೆ?" ಅಂತ ಒಂದು ದಿನ ಕೇಳಿದರು.

"ಕಾರ್ಡು ಸರಿಯಾಗೇ ಮುಚ್ಕೋತೀರ ಮೇಡಂ. ಮುಖ ಮುಚ್ಕೊಳಲ್ಲ."

"ಮುಖ ಮುಚ್ಕೋಬೇಕು ಅಂತ ರೂಲ್ ಇದೆಯಾ?"

"ಮುಖಕ್ಕೆ ಏನೂ ರೂಲ್ ಇಲ್ಲ."

ಅವರು ಮನೆಗೆ ಹೋಗಿ ಕನ್ನಡಿ ಮುಂದೆ ಅಭ್ಯಾಸ ಮಾಡಿದರಂತೆ. ಮುಂದಿನ ಸಲ ಬಂದಾಗ ಎದುರಿಗೆ ರಾಜರಾಜೇಶ್ವರಿನಗರದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಕೂತಿದ್ದ. ಇವರು ಕಟ್ಟಿನಿಂದ ಕಾರ್ಡು ತೆಗೆದರು, ನೋಡಿದರು, ಹೊಟ್ಟೆಯಿಂದ ನಿಟ್ಟುಸಿರು ಬಿಟ್ಟು "ಅಯ್ಯೋ ಶಿವನೇ" ಅಂದರು. ಹುಡುಗ ನಿಶ್ಚಿಂತೆಯಿಂದ ತನ್ನ ಸೈನ್ಯವನ್ನೆಲ್ಲ ಮುಂದಕ್ಕೆ ತಳ್ಳಿದ. ಇವರು ತಮ್ಮ ಕಟ್ಟಿನಲ್ಲೇ ಎಲ್ಲಕ್ಕಿಂತ ದೊಡ್ಡ ಡ್ರ್ಯಾಗನ್ ತಂದು ಅವನ ಮುಂದೆ ಇಟ್ಟರು.

"ಆಂಟಿ, ಅಯ್ಯೋ ಅಂದ್ರಲ್ಲ?"

"ನಿನ್ನ ನೆನೆಸ್ಕೊಂಡು ಅಂದೆ ಕಣಪ್ಪ."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದೊಂದು ದಿನ ಅವರ ಯಜಮಾನರು ಒಬ್ಬರೇ ಮಹಡಿ ಹತ್ತಿ ಬಂದರು. ಸಿಟಿ ಬಸ್ ಓಡಿಸುವವರು. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದರು.

"ಜಡ್ಜ್ ಸಾರ್ ಅಂದ್ರೆ ನೀವೇನಾ? ನಮ್ಮನೆಯವರಿಗೆ ಇಲ್ಲಿ ಏನೋ ಕಲಿಸಿದೀರಂತೆ."

ಕೂರಿಸಿ ಟೀ ತರಿಸಿದೆ. ಅವರು ಲೋಟ ಹಿಡಿದುಕೊಂಡು ನಿಧಾನವಾಗಿ ಕಷ್ಟ ಹೇಳಿಕೊಂಡರು.

"ಮದುವೆಯಾದಾಗಿಂದ ಬಾಗಿಲು ತೆಗೆದ ತಕ್ಷಣ ಅವಳ ಮುಖ ನೋಡಿ ಮನೇಲಿ ಏನಾಗಿದೆ ಅಂತ ತಿಳ್ಕೋತಿದ್ದೆ ಸಾರ್. ಸಿಗ್ನಲ್ ನೋಡಿ ಗಾಡಿ ಓಡಿಸಿದಂಗೆ. ಈಗ ಸಿಗ್ನಲ್ಲೇ ಕೆಟ್ಟೋಗಿದೆ. ಮೊನ್ನೆ ರಜಾ ಇತ್ತು. ಏನೋ ಕೋಪ ಬಂದಿದೆ ಅಂದ್ಕೊಂಡು ಪಾತ್ರೆ ತೊಳೆದೆ, ಬಟ್ಟೆ ಒಣಗ್ಹಾಕ್ದೆ, ಅವರಮ್ಮಂಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದೆ. ಸಾಯಂಕಾಲ ಕೇಳಿದ್ರೆ ಕೋಪನೇ ಇರಲಿಲ್ಲವಂತೆ."

ಆ ಮನುಷ್ಯ ನಿಜಕ್ಕೂ ಕಂಗಾಲಾಗಿದ್ದರು. ಹೆಂಡತಿಯ ಮುಖ ನೋಡದೆ ಅವರಿಗೆ ಯಾವ ಕಡೆ ತಿರುಗಬೇಕು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ನನಗೆ ನಗು ಬಂದರೂ ಮನಸ್ಸು ಕರಗಿತು. ಭಾನುವಾರ ಆ ಮೇಡಂ ಬಂದಾಗ, ಟೇಬಲ್ ಬಿಟ್ಟು ಎದ್ದ ಮೇಲೆ ಮುಖ ಮಾಮೂಲಿಯಾಗೇ ಇರಬೇಕು, ಇದು ಜಡ್ಜ್ ಹಾಕಿದ ಹೊಸ ನಿಯಮ ಅಂತ ಮೆಲ್ಲಗೆ ಹೇಳಿದೆ.

ಅವರು ಕೇಳಿಸಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಆಗ್ಲಿ ಸಾರ್, ಮನೇಲಿ ಮುಖ ಮೊದಲಿನ ಹಾಗೇ ಇಟ್ಕೋತೀನಿ. ಆದ್ರೆ ನಮ್ಮನೆಯವರು ಪಾತ್ರೆ ತುಂಬಾ ಚೆನ್ನಾಗಿ ತೊಳೀತಾರೆ. ಇನ್ನೊಂದು ಸ್ವಲ್ಪ ದಿನ ಹೋಗ್ಲಿ."

ನಮ್ಮಮ್ಮ ಕಲಿತ ನಿಯಮ

ಭಾನುವಾರ ಮನೆಯಲ್ಲಿ ಬೇಜಾರು ಅಂತ ನಮ್ಮಮ್ಮನೂ ಮಹಡಿಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಆಡುವುದಿಲ್ಲ. ಹೂ ಕಟ್ಟುತ್ತಾ ಎಲ್ಲ ಕೇಳಿಸಿಕೊಳ್ಳುತ್ತಾರೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಯುಗಾದಿಯ ದಿನ ಅಡುಗೆಮನೆಯಲ್ಲಿ ಒಬ್ಬಟ್ಟಿನ ಡಬ್ಬಿಯ ಮುಚ್ಚಳ ಸದ್ದಾಯಿತು. ನನ್ನ ಹೆಂಡತಿ ಒಳಗೆ ಹೋದಳು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಅತ್ತೆ, ಏನು ತಿಂದ್ರಿ?"

"ಏನು ಅಂತ ಕೇಳೋ ಹಾಗಿಲ್ಲ" ಅಂದರು ಅಮ್ಮ. "ಎಷ್ಟು ಅಂತ ಕೇಳು, ಹೇಳ್ತೀನಿ."

"ಸರಿ. ಎಷ್ಟು?"

"ಎರಡು."

ಹೆಂಡತಿ ಹಜಾರಕ್ಕೆ ಬಂದು ನನ್ನ ಮುಂದೆ ನಿಂತಳು. ತೀರ್ಪು ಕೊಡಿ ಅನ್ನುವ ನಿಲುವು ಅದು. ನಾನು, ಎಷ್ಟು ಅನ್ನೋದಕ್ಕೆ ಅಮ್ಮ ನಿಜ ಹೇಳಿದ್ದಾರೆ, ನಿಯಮದ ಪ್ರಕಾರ ತಪ್ಪೇನಿಲ್ಲ ಅಂದೆ. ಆವತ್ತು ನನ್ನ ಎಲೆಗೆ ಒಬ್ಬಟ್ಟು ಬರಲಿಲ್ಲ. ಯಾಕೆ ಅಂತ ಕೇಳಿದರೆ, "ನಿಮಗೆ ಎಷ್ಟು ಬಡಿಸ್ತೀನಿ ಅನ್ನೋದು ಗುಟ್ಟಲ್ಲ, ಸೊನ್ನೆ" ಅಂದಳು.

ಗುಡ್ಡೆಯಲ್ಲಿ ಏನಿದೆ

ರಾಜಾಜಿನಗರದಿಂದ ಇಬ್ಬರು ಹಿರಿಯರು ಜೊತೆಯಾಗಿ ಬರುತ್ತಾರೆ. ಒಂದೇ ಕಾರ್ಖಾನೆ, ಒಂದೇ ಶಿಫ್ಟು, ಈಗ ಒಂದೇ ಪಾರ್ಕಿನಲ್ಲಿ ವಾಕಿಂಗು. ಒಬ್ಬರು ಎತ್ತರ, ಒಬ್ಬರು ಗಿಡ್ಡ. ಅವರ ಮಕ್ಕಳು ಮೆದುಳಿಗೆ ಒಳ್ಳೆಯದು ಅಂತ ಈ ಆಟ ಕೊಡಿಸಿದ್ದರು. ಎತ್ತರದವರಿಗೆ ಮರೆವು ಶುರುವಾಗಿತ್ತು. ಅದು ಅವರ ಮನೆಯವರಿಗೆ ಗೊತ್ತಿತ್ತು, ಗಿಡ್ಡನೆಯವರಿಗೆ ಗೊತ್ತಿತ್ತು, ನನಗೆ ಗಿಡ್ಡನೆಯವರೇ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದ್ದರು.

ಆಟದ ಮಧ್ಯೆ ಎತ್ತರದವರು ಕೇಳುತ್ತಿದ್ದರು, "ನಿನ್ನ ಗುಡ್ಡೆಯಲ್ಲಿ ಏನೇನು ಹೋಗಿದೆಯೋ?"

ಗಿಡ್ಡನೆಯವರು ಗುಡ್ಡೆ ಎತ್ತಿ ಒಂದೊಂದೇ ತೋರಿಸಿ ಹೇಳೋರು. ಮತ್ತೆ ಕೆಳಗಿಟ್ಟು ಅಂಚು ಸರಿಮಾಡಿ ಕೈ ತೆಗೆಯುವಷ್ಟರಲ್ಲಿ ಅವರು ಮತ್ತೆ ಕೇಳೋರು, "ಗುಡ್ಡೆಯಲ್ಲಿ ಏನೇನಿದೆಯೋ?" ಇವರು ಮತ್ತೆ ಮೊದಲಿಂದ ತೋರಿಸೋರು. ಮೊದಲನೇ ಸಲ ತೋರಿಸುವಾಗ ಇದ್ದ ಧ್ವನಿಯೇ ಪ್ರತಿ ಸಲವೂ.

ಪಕ್ಕದ ಟೇಬಲ್ಲಿನ ಒಬ್ಬ ಹುಡುಗ ಒಂದು ದಿನ ತಡೆಯಲಾರದೆ, "ಅಂಕಲ್, ಈಗ ತಾನೇ ಹೇಳಿದ್ರಲ್ಲ ಅವರು" ಅಂದ.

ಗಿಡ್ಡನೆಯವರು ಅವನ ಕಡೆ ತಿರುಗದೆ ನನ್ನನ್ನು ಕೇಳಿದರು, "ಜಡ್ಜ್ ಸಾರ್, ಗುಡ್ಡೆ ಬಗ್ಗೆ ಎಷ್ಟು ಸಲ ಕೇಳಬಹುದು?"

"ಎಷ್ಟು ಸಲ ಬೇಕಾದ್ರೂ ಕೇಳಬಹುದು ಸಾರ್. ನಿಯಮದಲ್ಲೇ ಇದೆ."

"ನಿಯಮದಲ್ಲೇ ಇದೆಯಂತಪ್ಪ" ಅಂದರು ಅವರು ಹುಡುಗನಿಗೆ.

ಇನ್ನೊಂದು ಭಾನುವಾರ ಎತ್ತರದವರು ಕಾರ್ಡು ಕೆಳಗಿಟ್ಟು ಕೇಳಿದರು, "ಈಗ ಯಾರೋ ಗೆಲ್ತಾ ಇರೋದು?" ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಗಿಡ್ಡನೆಯವರು ಸಲೀಸಾಗಿ ಗೆಲ್ಲುತ್ತಿದ್ದರು.

"ನೀನೇ ಕಣೋ" ಅಂದರು ಗಿಡ್ಡನೆಯವರು.

ಅಂಕ ಗುಟ್ಟಲ್ಲ. ಅದರ ಬಗ್ಗೆ ಸುಳ್ಳು ಹೇಳುವ ಹಾಗಿಲ್ಲ. ಜಡ್ಜ್ ಎದುರಿಗೇ ಹೇಳಿದರೆ ಜಡ್ಜ್ ಆಟ ನಿಲ್ಲಿಸಬೇಕು. ಗಿಡ್ಡನೆಯವರು ತಲೆ ಎತ್ತಿ ನನ್ನ ಮುಖ ನೋಡಿದರು. ನನಗೆ ತಕ್ಷಣ ಫ್ಯಾನಿನ ಸ್ಪೀಡ್ ಜಾಸ್ತಿ ಮಾಡಬೇಕು ಅನ್ನಿಸಿತು. ಸ್ವಿಚ್ಚಿನ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟೆ.

ಆಟ ಮುಗಿಯಿತು. ಎತ್ತರದವರು ಗೆದ್ದರು ಅಂತ ತೀರ್ಮಾನವಾಯಿತು. ಗಿಡ್ಡನೆಯವರು ಚಪ್ಪಲಿ ಹಾಕಿಕೊಳ್ಳಲು ಮುಂದೆ ಹೋದರು. ಎತ್ತರದವರು ಹಿಂದೆ ಉಳಿದು, ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

"ಜಡ್ಜ್ ಸಾರ್, ನೀವು ಏನೂ ಅಂದ್ಕೋಬೇಡಿ. ನನ್ನ ಫ್ರೆಂಡಿಗೆ ಈಚೆಗೆ ಲೆಕ್ಕ ಸರಿಯಾಗಿ ಬರ್ತಿಲ್ಲ. ಗೆಲ್ತಾ ಇದ್ದಿದ್ದು ಅವನೇ. ಹೇಳಿದ್ರೆ ಪಾಪ, ಬೇಜಾರು ಮಾಡ್ಕೋತಾನೆ ಅಂತ ಸುಮ್ಮನಿದ್ದೆ."

ಬೋರಲು ಕಾರ್ಡು

ಈ ಆಟದಲ್ಲಿ ಕೆಲವು ಕಾರ್ಡನ್ನು ಬೋರಲು ಹಾಕಿ ಇಡಬಹುದು. ಎದುರಿನವರು ಅದರ ಮೇಲೆ ದಾಳಿ ಮಾಡಿದರೆ ಆಗ ಮಗುಚಿ ತೋರಿಸಬೇಕು. ಯಾರೂ ದಾಳಿ ಮಾಡದಿದ್ದರೆ ಕೊನೆಯವರೆಗೂ ಗುಟ್ಟು. ಆದರೆ ಆಟ ಮುಗಿದ ಮೇಲೆ ಬೋರಲು ಇಟ್ಟಿದ್ದನ್ನೆಲ್ಲ ಕಡ್ಡಾಯವಾಗಿ ತೋರಿಸಲೇಬೇಕು. ಇಲ್ಲದಿದ್ದರೆ ಬಸ್ ಟಿಕೆಟ್ಟನ್ನೂ ಬೋರಲು ಹಾಕಿ ಎದುರಿನವರನ್ನು ಹೆದರಿಸಬಹುದಲ್ಲ.

ಉಲ್ಲಾಳದ ಒಬ್ಬ ಹುಡುಗ, ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಕೆಂಗೇರಿಯ ಒಂದು ಹುಡುಗಿಯ ಜೊತೆ ತಪ್ಪದೆ ಆಡುತ್ತಿದ್ದ. ಅವಳಿಗೆ ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ನಮ್ಮಲ್ಲಿ ಅವಳಷ್ಟು ಚೆನ್ನಾಗಿ ಆಡುವವರು ಇನ್ನೊಬ್ಬರಿಲ್ಲ. ಇವನು ಸೋಲುತ್ತಿದ್ದ, ಆಮೇಲೆ ಅವಳನ್ನು ಸ್ಕೂಟರಿನಲ್ಲಿ ಬಸ್ ಸ್ಟಾಂಡಿನವರೆಗೆ ಬಿಡುತ್ತಿದ್ದ. ಸೋಲಿನಿಂದ ಅವನಿಗೆ ಯಾವ ದುಃಖವೂ ಆಗುತ್ತಿರಲಿಲ್ಲ.

ಒಂದು ದಿನ ಅಂಗಡಿಗೆ ಬಂದು ಕೌಂಟರಿನ ಮೇಲೆ ಬಗ್ಗಿ, "ಸಾರ್, ಒಂದು ಕಾರ್ಡು ನಾನೇ ಮಾಡಿ ಆಡಿದ್ರೆ ಬಿಡ್ತೀರಾ?" ಅಂದ.

"ಬಿಡಲ್ಲ. ಕಂಪನಿ ಕಾರ್ಡೇ ಆಗ್ಬೇಕು."

ಅವನು ಜೇಬಿನಿಂದ ತೆಗೆದು ತೋರಿಸಿದ. ಹಳೆಯ ಕಾರ್ಡೊಂದರ ಮೇಲೆ ಬಿಳಿ ಹಾಳೆ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ. ಸ್ಕೂಟರಿನ ಮೇಲೆ ಇಬ್ಬರು. ಮುಂದೆ ಕೂತವನು ಅವನು. ಹಿಂದೆ ಕೂತಿದ್ದು ಅಕ್ಕಿ ಮೂಟೆಯೋ ಹುಡುಗಿಯೋ ಹೇಳೋದು ಕಷ್ಟ. ಕೆಳಗೆ ಆಟದ ಕಾರ್ಡಿನ ಭಾಷೆಯಲ್ಲೇ ಬರೆದಿದ್ದ: "ಮದುವೆ ಆಗೋಣ್ವಾ? ಈ ಕಾರ್ಡನ್ನು ಮಗುಚಿದ ಆಟಗಾರರು ಹೂಂ ಅಥವಾ ಊಹೂಂ ಅನ್ನಬೇಕು. ಪರಿಣಾಮ: ಜೀವನಪೂರ್ತಿ."

ನಾನು ಕಾರ್ಡನ್ನು ವಾಪಸ್ ಅವನ ಕೈಗೆ ಕೊಟ್ಟು, "ನಾನೇನೂ ನೋಡಿಲ್ಲ" ಅಂದೆ.

"ಯಾರಿಗೂ ಹೇಳ್ಬೇಡಿ ಸಾರ್" ಅಂದ. ಅಂದವನು ಚಿತ್ರ ಹೇಗೆ ಬಂದಿದೆ ಅಂತ ಅವಳೊಬ್ಬಳನ್ನು ಬಿಟ್ಟು ಮಹಡಿಗೆ ಬರುವ ಎಲ್ಲರಿಗೂ ತಾನೇ ತೋರಿಸಿದ್ದ. ಭಾನುವಾರ ಅವರಿಬ್ಬರೂ ಕೂತಾಗ ಬೇರೆ ಟೇಬಲ್ಲುಗಳಲ್ಲಿ ಆಟವೇ ನಡೆಯಲಿಲ್ಲ. ಎಲ್ಲರೂ ಕಾರ್ಡು ಹಿಡಿದುಕೊಂಡು ಆ ಕಡೆಯೇ ನೋಡುತ್ತಿದ್ದರು.

ಹುಡುಗ ಆ ಕಾರ್ಡನ್ನು ಬೋರಲು ಇಟ್ಟ. ಅವಳು ಒಂದು ಸಲ ಅದನ್ನು ನೋಡಿದಳು, ಒಂದು ಸಲ ಅವನನ್ನು ನೋಡಿದಳು. ದಾಳಿ ಮಾಡಿದಳು, ಆದರೆ ಪಕ್ಕದ ಕಾರ್ಡಿನ ಮೇಲೆ. ಮುಂದಿನ ಸರದಿಯಲ್ಲಿ ಇನ್ನೊಂದು ಪಕ್ಕದ ಕಾರ್ಡಿನ ಮೇಲೆ. ಅವನ ಸೈನ್ಯವೆಲ್ಲ ಒಂದೊಂದಾಗಿ ಗುಡ್ಡೆ ಸೇರಿತು. ಕೊನೆಗೆ ಮೈದಾನದಲ್ಲಿ ಅವನದು ಅಂತ ಉಳಿದಿದ್ದು ಅದೊಂದೇ ಬೋರಲು ಕಾರ್ಡು. ಅವಳು ಅದನ್ನು ಮುಟ್ಟಲೇ ಇಲ್ಲ, ಅದನ್ನು ದಾಟಿಕೊಂಡು ಹೋಗುವ ಮಂತ್ರದ ಕಾರ್ಡೊಂದನ್ನು ತೆಗೆದು ನೇರವಾಗಿ ಆಟವನ್ನೇ ಗೆದ್ದಳು.

"ಥ್ಯಾಂಕ್ಸ್ ಕಣೋ, ಚೆನ್ನಾಗಿತ್ತು" ಅಂತ ಕೈ ಕುಲುಕಿ, ತನ್ನ ಕಾರ್ಡುಗಳನ್ನು ಡಬ್ಬಿಗೆ ತುಂಬಲು ಶುರುಮಾಡಿದಳು. ಹುಡುಗ ಬೋರಲು ಕಾರ್ಡನ್ನು ಅವಳ ಕಡೆಗೆ ಸ್ವಲ್ಪ ಸರಿಸಿದ. ಅವಳು ಬ್ಯಾಗಿನ ಜಿಪ್ಪು ಎಳೆದಳು. ಇಡೀ ಮಹಡಿ ನನ್ನ ಕಡೆ ತಿರುಗಿತು.

ನಾನು ಗಂಟಲು ಸರಿಮಾಡಿಕೊಂಡೆ. "ಒಂದ್ನಿಮಿಷಮ್ಮ. ಬೋರಲು ಕಾರ್ಡು ಆಟದ ಕೊನೇಲಿ ತೋರಿಸ್ಬೇಕು. ರೂಲ್ ಇದೆ."

"ಹೌದಲ್ವಾ" ಅಂತ ಅವಳೇ ಕೈ ಚಾಚಿ ಮಗುಚಿದಳು. ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿ, "ಜಡ್ಜ್" ಅಂದಳು.

ಹತ್ತಿರ ಹೋದೆ.

"ಸಾರ್, ಇದು ಕಂಪನಿ ಕಾರ್ಡಲ್ಲ. ಇದಕ್ಕೆ ಶಿಕ್ಷೆ ಏನು?"

"ಆಟ ಸೋತಂಗೆ ಅಮ್ಮ."

"ಅದನ್ನ ಆಗಲೇ ಸೋತಿದಾನಲ್ಲ. ಬೇರೆ ಏನೂ ಇಲ್ವಾ?"

"ಇಲ್ಲಮ್ಮ."

ಅವಳು ಕಾರ್ಡನ್ನು ಇನ್ನೊಂದು ಸಲ ನೋಡಿದಳು. ಹಿಂದೆ ಕೂತಿದ್ದ ಆಕೃತಿಯ ಮೇಲೆ ಬೆರಳಿಟ್ಟು, "ಇದು ನಾನಾ?" ಅಂದಳು. ಹುಡುಗ ತಲೆಯಾಡಿಸಿದ.

"ಹೂಂ" ಅಂದಳು.

ಯಾರಿಗೂ ಏನೂ ಅರ್ಥವಾಗಲಿಲ್ಲ. ಹುಡುಗ ಕೇಳಿದ, "ಹೂಂ ಅಂದ್ರೆ, ಚಿತ್ರ ನೋಡಿದೆ ಅಂತನಾ, ಇಲ್ಲಾ..."

"ಹೂಂ ಅಂದ್ರೆ ಹೂಂ ಕಣೋ. ನೀನೇ ಬರ್ದಿದೀಯಲ್ಲ, ಹೂಂ ಅಥವಾ ಊಹೂಂ ಅನ್ಬೇಕು ಅಂತ."

ಆಗ ಎದ್ದ ಚಪ್ಪಾಳೆಗೆ ಕೆಳಗಿನ ಅಂಗಡಿಯಲ್ಲಿದ್ದ ಗಿರಾಕಿಗಳೂ ಮೆಟ್ಟಿಲ ಹತ್ತಿರ ಬಂದು ನಿಂತರು. ಹುಡುಗ ಕುರ್ಚಿಯಲ್ಲಿ ಕೂತೇ ಕಣ್ಣೊರೆಸಿಕೊಂಡ. ಗದ್ದಲ ತಣ್ಣಗಾದ ಮೇಲೆ ನಾನು ಅವಳನ್ನು ಕೇಳಿದೆ, "ಆ ಒಂದು ಕಾರ್ಡಿಗೆ ಅಷ್ಟು ಹೆದರಿದ್ಯಾಕಮ್ಮ? ನೀನು ಹಾಗೆಲ್ಲ ಹೆದರೋಳಲ್ಲ."

"ಹೆದರಿರಲಿಲ್ಲ ಸಾರ್. ಅವನು ಅದನ್ನ ಕೈಗೆ ತಗೊಂಡಾಗಲೇ ಗೊತ್ತಾಯ್ತು. ಎಲ್ಲಾ ಕಾರ್ಡಿನ ಪ್ಲಾಸ್ಟಿಕ್ ಕವರೂ ಹಳೇದು, ಅದೊಂದೇ ಹೊಸ ಕವರು. ಸಾಲದ್ದಕ್ಕೆ ಇಡೀ ಮಹಡಿ ಆಟ ಬಿಟ್ಟು ನಮ್ಮನ್ನೇ ನೋಡ್ತಿತ್ತು."

ಹುಡುಗ ತಲೆ ಎತ್ತಿದ. "ಗೊತ್ತಿದ್ದೂ ಅಷ್ಟು ಹೊತ್ತು ಕಾಯಿಸಿದ್ಯಾ?"

"ಮತ್ತೆ? ಗೆಲ್ತಾ ಇದ್ದೆ ನಾನು" ಅಂದಳು ಅವಳು. "ಮಧ್ಯದಲ್ಲೇ ಹೂಂ ಅಂದ್ಬಿಟ್ಟಿದ್ರೆ ಆಮೇಲೆ ನೀನು ಆಟ ಆಡ್ತಿದ್ಯಾ?"